ಕೂಳೆಯಲ್ಲಿ ಹನ್ನೊಂದು

ನವೆಂಬರಿನ ಎರಡನೇ ಶನಿವಾರ.
ಕ್ಯಾನ್ಸಸ್ಸಿನ ನಮ್ಮ ಈ ಮೂಲೆಯಲ್ಲಿ
ಚರ್ಚಿಗೆ ತಪ್ಪಿಸಿಕೊಂಡವರೂ ಈ ದಿನಕ್ಕೆ ತಪ್ಪಿಸಿಕೊಳ್ಳುವುದಿಲ್ಲ.
ಥರ್ಮಾಸಿನ ಮುಚ್ಚಳದಲ್ಲಿ ಕರಿಕಾಫಿ,
ಜೋಳದ ಕೂಳೆಯ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ,
ಪಿಕಪ್ಪಿನ ಹಿಂದೆ, ಪೆಟ್ಟಿಗೆಯೊಳಗಿಂದ
ಬಾಲದಲ್ಲಿ ತಗಡು ಬಡಿಯುತ್ತಿದ್ದಾಳೆ ಟ್ರೂಡಿ.

ಕೋವಿ ಅಪ್ಪನದು. ಎರಡು ನಳಿಗೆ, ಎರಡೇ ತೋಟಾ.
ಅಪ್ಪ, ವರ್ಲಿನ್ ಉನ್ರೂ,
ಮನುಷ್ಯರ ಮೇಲೆ ಕೋವಿ ಎತ್ತಲಾರೆ ಎಂದು
ಸರ್ಕಾರಕ್ಕೆ ಬರೆದುಕೊಟ್ಟು, ಯುದ್ಧಕ್ಕೆ ಹೋಗದೆ,
ಟೊಪೀಕಾದ ಹುಚ್ಚಾಸ್ಪತ್ರೆಯಲ್ಲಿ ಎರಡು ವರ್ಷ ನೆಲ ಒರೆಸಿದವನು.
ಹಕ್ಕಿಯ ಮಾತು ಬೇರೆ ಎನ್ನುತ್ತಿದ್ದ.
ಹೇಗೆ ಬೇರೆ ಅಂತ ಕೇಳಿದ್ದಕ್ಕೆ
ಲೆಕ್ಕ ಹೇಳಿದ:
'ಒಂದು ಹಿಂಡನ್ನು ಎಂಟಕ್ಕಿಂತ ಕೆಳಗಿಳಿಸಬೇಡ.
ರಾತ್ರಿ ಲಾವುಗೆಗಳು ದುಂಡಗೆ ಕೂರುತ್ತವೆ,
ಬಾಲ ಒಳಗೆ, ಮುಖ ಹೊರಗೆ, ಮೈಗೆ ಮೈ ಒತ್ತಿ.
ಎಂಟಾದರೂ ಇಲ್ಲದಿದ್ದರೆ ಬಳೆ ಕೂಡುವುದಿಲ್ಲ,
ಸಂದಿನಲ್ಲಿ ಚಳಿ ಬಂದು ಕೂರುತ್ತದೆ.'

ಈ ಸಲ ಜೊತೆಗೆ ತಂಗಿಯ ಮಗ ಗ್ಯಾರೆಟ್.
ವಿಚಿಟಾದಲ್ಲಿ ಹಲ್ಲು ಕೀಳುವವನು.
ಅಂಗಡಿಯ ಮಡಿಕೆ ಇನ್ನೂ ಬಿಡದ ಕಿತ್ತಳೆ ಅಂಗಿ,
ತಾನೇ ತೋಟಾ ಏರಿಸಿಕೊಳ್ಳುವ ಹೊಸ ಕೋವಿ.
ದಾರಿಯುದ್ದಕ್ಕೂ ಮಾತು: ಮನೆ ಸಾಲ, ವಿಚ್ಛೇದನ, ಬೆನ್ನುನೋವು.
ಕೂಳೆಗೆ ಕಾಲಿಟ್ಟ ಮೇಲೆ ಸುಮ್ಮನಾದ.
ಅವನು ನನಗೆ ಇಷ್ಟವಾದದ್ದು ಆಗ.

ಪಕ್ಕದ ಶ್ರಾಗ್ ತನ್ನ ಮುಳ್ಳುಬೇಲಿಯನ್ನೆಲ್ಲ
ಬುಲ್ಡೋಜರಿನಿಂದ ಕೀಳಿಸಿದ್ದಾನೆ,
ನಾಲ್ಕು ಸಾಲು ಗೋಧಿ ಹೆಚ್ಚಿಗೆ ಬರುತ್ತದಂತೆ.
ಉಳಿದದ್ದು ನಮ್ಮ ಹಳ್ಳದಂಚಿನ ಕಾಡುಪ್ಲಮ್ಮಿನ ಪೊದೆ.
ಮೂವತ್ತು ಹೆಜ್ಜೆ ಇರುವಾಗ
ಓಡುತ್ತಿದ್ದ ಟ್ರೂಡಿ ಓಟದ ನಡುವೆಯೇ ಕಲ್ಲಾದಳು.
ಒಂದು ಮುಂಗಾಲು ಗಾಳಿಯಲ್ಲೇ ಮರೆತುಹೋಗಿದೆ.
ಮೂಗು ಮಾತ್ರ ಜೀವಂತ.

ಆಮೇಲೆ ನೆಲವೇ ಸಿಡಿಯಿತು.
ಭರ್ರೋ ಎಂದು, ಎಷ್ಟು ವರ್ಷವಾದರೂ ಎದೆ ಹಾರುತ್ತದೆ,
ಕಂದು ಉಂಡೆಗಳು ಯಾರೋ ಎಸೆದ ಹಾಗೆ ಎಲ್ಲ ದಿಕ್ಕಿಗೆ.
ಹನ್ನೊಂದು.
ಕೋವಿ ಭುಜಕ್ಕೇರುವ ಮುಂಚೆ ಎಣಿಸುವುದು ನನ್ನ ರೂಢಿ.
ಒಂದನ್ನು ಹೊಡೆದೆ. ಎರಡನೆಯದು ತಪ್ಪಿತು.
ಗ್ಯಾರೆಟ್ ಹೊಡೆದ, ಹೊಡೆದ, ಮತ್ತೂ ಹೊಡೆದ.
ಎರಡು ಬಿದ್ದವು. ಎಂಟು ಉಳಿದವು.

ಅಲ್ಲಿಗೆ ನಿಲ್ಲಿಸಬೇಕಿತ್ತು.
'ಲೀಯೋನಾ ದೊಡ್ಡಮ್ಮ, ಚದುರಿದವು ಎಲ್ಲಿ ಇಳಿದವು
ಅಂತ ನೋಡಿಟ್ಟಿದ್ದೇನೆ!' ಅಂದವನ ಮುಖ ನೋಡಿದೆ.
ಹತ್ತು ವರ್ಷದ ಹುಡುಗನ ಮುಖ, ಸಾಲವಿಲ್ಲ, ಬೆನ್ನಿಲ್ಲ.
ಅಪ್ಪನ ಲೆಕ್ಕ ನಾಲಿಗೆ ತುದಿಯವರೆಗೆ ಬಂತು.
ನುಂಗಿದೆ.

ತನ್ನ ನಾಲ್ಕನ್ನು ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅವನು ಹೋದ.
ನನ್ನದೊಂದನ್ನು ಸಿಂಕಿನಲ್ಲಿ ಸೀಳಿದೆ.
ಕೊರಳಚೀಲದಲ್ಲಿ ನನ್ನದೇ ಹೊಲದ ಜೋಳ, ಇಪ್ಪತ್ತಾರು ಕಾಳು,
ಕಳೆಯ ಬೀಜ ಲೆಕ್ಕವಿಲ್ಲದಷ್ಟು,
ಬೇಸಿಗೆಯೆಲ್ಲ ನಾನು ಬೈದ ಅದೇ ಕಳೆ,
ಒಂದು ಮಿಡತೆಯ ಕಾಲು, ಇನ್ನೂ ಹಸಿರು.

ಕಿಟಕಿಯಾಚೆ ಹಳ್ಳದ ಕಡೆಯಿಂದ ಕೂಗು ಶುರುವಾಯಿತು,
ಚದುರಿದವು ಒಂದನ್ನೊಂದು ಕರೆಯುವ ಕೂಗು:
ಎಲ್ಲೀ? ಎಲ್ಲೀ?
ನಲ್ಲಿ ನಿಲ್ಲಿಸಿ ಎಣಿಸಿದೆ.
ಐದರವರೆಗೆ ಸಿಕ್ಕಿತು. ಆರನೆಯದು ಕೂಗಲಿಲ್ಲವೋ,
ಟ್ರೂಡಿ ಬಾಗಿಲು ಕೆರೆದ ಸದ್ದಿನಲ್ಲಿ ನನಗೇ ಕೇಳಲಿಲ್ಲವೋ.

ಆ ರಾತ್ರಿ ಕೊಟ್ಟಿಗೆಯ ಕೊಳಾಯಿ ಹೆಪ್ಪುಗಟ್ಟಿತು.

ಬೆಳಿಗ್ಗೆ ನಾಯಿ ಬಿಟ್ಟು, ಕೋವಿ ಬಿಟ್ಟು ಹೋದೆ.
ಪೊದೆಯ ತೆಂಕಣ ಬದಿಗೆ, ಒರಗಿದ ಹುಲ್ಲಿನ ಮರೆಯಲ್ಲಿ
ಹಿಕ್ಕೆಗಳ ಒಂದು ಉಂಗುರ,
ನಡುವೆ ಒಣನೆಲ, ಸುತ್ತ ಹಿಮ.
ಟೋಪಿ ತೆಗೆದು ಮೇಲಿಟ್ಟೆ. ಪೂರ್ತಿ ಮುಚ್ಚಿತು.
ಅಪ್ಪ ತೋರಿಸಿದ್ದು ಊಟದ ತಟ್ಟೆಯಷ್ಟಿತ್ತು.
ಬಳೆ ಎಲ್ಲಿ ಕೂಡಿತ್ತು, ಎಲ್ಲಿ ಬಿಟ್ಟಿತ್ತು ಎಂದು
ಬೆರಳಿಟ್ಟು ಹೇಳುವಷ್ಟು ನನಗೆ ಗೊತ್ತಿಲ್ಲ.

ಬುಧವಾರ ಗ್ಯಾರೆಟ್ ಫೋನು: 'ಈ ಶನಿವಾರವೂ ಬರಲೇ?'
'ಬಾ' ಅಂದೆ. 'ಕೋವಿ ಬೇಡ.
ಶ್ರಾಗ್ ಕಿತ್ತೆಸೆದ ಬೇಲಿಯನ್ನೆಲ್ಲ
ನಮ್ಮ ಕಡೆಗೆ ಎಳೆದು ಒಟ್ಟುವುದಿದೆ, ಪೊದೆಗೆ ತಾಗಿಸಿ.
ದಪ್ಪ ಗ್ಲೌಸು ತಾ.'
ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
'ನನ್ನ ಬೆನ್ನು...' ಅಂದ.